ನಾನು ಆರಿಸಿದ ರಿವಾಲ್ವರನ್ನು ಮಗ ಒಯ್ದ ಬಗ್ಗೆ

ಆರ್ಡಿಸ್ ಹಾಲ್ವರ್ಸನ್, ಗಂಡ ದಿವಂಗತ ಮೆರ್ಲ್, ವಯಸ್ಸು 68, ಕೆಲಸ: ಶಾಲಾ ಬಸ್ ಚಾಲಕಿ (ನಿವೃತ್ತ), ವಾಸ: ಸೇಜ್ ಕ್ರೀಕ್, ವಯೋಮಿಂಗ್ ರಾಜ್ಯ, ಆದ ನಾನು ಈ ಮೂಲಕ ತಿಳಿಸುವುದೇನೆಂದರೆ,

ನಾನೂ ಮೆರ್ಲ್ ಅವರೂ ಹದಿನಾರು ವರ್ಷ ಇಲ್ಲಿನ ಕ್ಲಬ್‌ನಲ್ಲಿ ಶನಿವಾರ ಶನಿವಾರ ಹಳೇ ಕಾಲದ ಉಡುಪು ತೊಟ್ಟು ತಗಡಿನ ಗುರಿಗಳಿಗೆ ರಿವಾಲ್ವರ್‌ನಿಂದ ಹೊಡೆಯುತ್ತಿದ್ದೆವು. ಅಲ್ಲಿ ನನ್ನನ್ನು ಬಸ್ಸಮ್ಮ ಎಂದು ಕರೆಯುತ್ತಾರೆ. ಕಳೆದ ವರ್ಷ ಮಾರ್ಚ್‌ನಲ್ಲಿ, ಕೆಲವು ತಿಂಗಳಿಂದ ಮಂಕಾಗಿದ್ದ ಮೆರ್ಲ್ ತಮ್ಮ ರಿವಾಲ್ವರ್‌ನಿಂದಲೇ ಗುಂಡು ಹಾರಿಸಿಕೊಂಡು ಪ್ರಾಣ ಬಿಟ್ಟರು. ಅವರ ಹೆಣವನ್ನು ಮೊದಲು ನೋಡಿದವನು ನಮ್ಮ ಮಗ ಕರ್ಟ್. ಆ ರಿವಾಲ್ವರ್ ನನಗೆ ಬೇಡವೆಂದು ಈ ಶೆರಿಫ್ ಕಚೇರಿಗೇ ಬರೆದುಕೊಟ್ಟಿದ್ದೇನೆ.

ಒಂದು ವರ್ಷ ಯಾರಿಗೂ ಮುಖ ತೋರಿಸಲಿಲ್ಲ. ಈ ಮೇ ತಿಂಗಳಲ್ಲಿ ಮನಸ್ಸು ಗಟ್ಟಿ ಮಾಡಿಕೊಂಡು ಡೆಲ್ಬರ್ಟ್‌ನ ಬಂದೂಕಿನಂಗಡಿಗೆ ಹೋದೆನು. ನಮ್ಮ ಆಟದ ರಿವಾಲ್ವರ್‌ನಲ್ಲಿ ಪ್ರತಿ ಗುಂಡಿಗೂ ಹಿಂದಿನ ಸುತ್ತಿಗೆಯನ್ನು ಹೆಬ್ಬೆರಳಿನಿಂದ ಎಳೆಯಲೇಬೇಕು. ನನಗೆ ಬೆರಳಲ್ಲಿ ಸಂಧಿವಾತ. ಡೆಲ್ಬರ್ಟ್ ಮೊದಲು ನಲವತ್ತೈದು ಕ್ಯಾಲಿಬರಿನ ಭಾರೀ ರಿವಾಲ್ವರ್ ಕೈಗಿತ್ತು, ಇದಕ್ಕೆ ಗತ್ತಿದೆ ಎಂದನು. ಗತ್ತು ಕಟ್ಟಿಕೊಂಡು ನನಗೇನಾಗಬೇಕು ಎಂದು ಕೇಳಿದೆನು. ಎರಡನೆಯದರ ಸುತ್ತಿಗೆ ಎಟುಕಲಿಲ್ಲ. ಮೂರನೆಯದು ಕೈಗೆ ಕೂತಿತು, ಆದರೆ ಹಳೇ ಮಾದರಿ. ಸುತ್ತಿಗೆಯ ಕೆಳಗಿನ ಗುಂಡಿನ ಮನೆ ಖಾಲಿ ಬಿಡದಿದ್ದರೆ, ಕೆಳಗೆ ಬಿದ್ದಾಗ ಗುಂಡು ತಾನೇ ಹಾರುವ ಜಾತಿ. ನಾಲ್ಕನೇ ಸಲ ಹೋದಾಗ ಮೂವತ್ತೆಂಟರದು, ಸಣ್ಣ ಹಿಡಿಯದು, ಸುತ್ತಿಗೆ ತಗ್ಗಿನಲ್ಲಿರುವುದು ಸಿಕ್ಕಿತು, ಕೊಂಡೆನು. ಮೆರ್ಲ್‌ನನ್ನು ಆರಿಸುವಾಗಲೂ ಇಷ್ಟು ಸತಾಯಿಸಿದ್ದೆಯಾ ಎಂದು ಡೆಲ್ಬರ್ಟ್ ಗೊಣಗಿದನು. ಬಹಳ ದಿನಗಳ ಮೇಲೆ ನಕ್ಕೆನು.

ನಿನ್ನೆ ಭಾನುವಾರ ಬೆಳಿಗ್ಗೆ 11 ಗಂಟೆಗೆ ಕರ್ಟ್ ಮನೆಗೆ ಬಂದನು. ಅಡುಗೆಮನೆಯ ಮೇಜಿನ ಮೇಲಿದ್ದ ಹೊಸ ರಿವಾಲ್ವರ್‌ನ ಪೆಟ್ಟಿಗೆ ತೆರೆದು ನೋಡಿದವನೇ, ಎತ್ತಿಕೊಂಡು ಹೊರಟನು. ನಾನು ಟ್ರಕ್‌ನವರೆಗೂ ಹಿಂದೆ ಹೋಗಿ ಬಾಯಿಗೆ ಬಂದಂತೆ ಬೈದೆನು. ನಲವತ್ತು ದಾಟಿದ ಮಗನನ್ನು ಬೀದಿಯಲ್ಲಿ ಬೈಯುವುದು ನನಗೂ ಹಿತವಾಗಿರಲಿಲ್ಲ. ಅವನು ಟ್ರಕ್ ಹತ್ತಿ ಹೋದನು. ನಾನು ಕಳ್ಳತನದ ದೂರು ಕೊಟ್ಟೆನು.

ಇಂದು 9-30ಕ್ಕೆ ಅವನನ್ನು ಇಲ್ಲಿಗೆ ಕರೆಸಲಾಯಿತು. ನಾನೂ ಅವನ ಅಪ್ಪನ ದಾರಿ ಹಿಡಿದೇನೆಂಬ ಭಯದಿಂದ ಒಯ್ದನಂತೆ. ಸಾಯಬೇಕೆನ್ನುವವಳು ಬೆರಳಿಗೆ ಹೊಂದುವುದನ್ನೇ ಹುಡುಕಿಕೊಂಡು ನಾಲ್ಕು ಸಲ ಅಂಗಡಿಗೆ ಅಲೆಯುತ್ತಾಳೇನೋ ಎಂದು ತಮ್ಮೆದುರೇ ಅವನನ್ನು ಕೇಳಿದೆನು. ಆಗ ಅವನು ಹೇಳಿದ್ದು:

"ಅಪ್ಪನೂ ತೀರಿಕೊಂಡ ದಿನ ತಮ್ಮ ರಿವಾಲ್ವರ್‌ಗೆ ಹೊಸ ಹಿಡಿ ಹಾಕಿಸ್ಕೊಂಡು ಬಂದಿದ್ರು ಕಣಮ್ಮಾ. ಶನಿವಾರ ನೀನೂ ಬಾರೋ ಅಂತ ಕರೆದ್ರು. ಸದ್ಯ, ಅಪ್ಪ ಸರಿಹೋದ್ರು ಅಂತ ನಾನು ಮನೆಗೆ ಹೋದೆ."

ಈ ವಿಷಯ ನನಗೆ ಗೊತ್ತಿರಲಿಲ್ಲ. ಇದನ್ನು ಹೊಟ್ಟೆಯಲ್ಲಿಟ್ಟುಕೊಂಡು ಒಂದು ವರ್ಷದ ಮೇಲೆ ಒಬ್ಬನೇ ತಿರುಗಿದ್ದಾನೆ, ಪೆದ್ದ.

ನನಗೆ ಸಾಯುವ ಯೋಚನೆ ಇಲ್ಲ. ಆದರೆ ಅದನ್ನು ನಂಬು ಎಂದು ಅವನಿಗೆ ಯಾವ ಬಾಯಲ್ಲಿ ಹೇಳಲಿ? ರಿವಾಲ್ವರ್ ಅವನ ಹತ್ತಿರವೇ ಇರಲಿ. ಅವನಾಗಿ ಕೊಟ್ಟ ದಿನ ಹೊಡೆಯುತ್ತೇನೆ. ಕೊಡದಿದ್ದರೆ ಕ್ಲಬ್‌ಗೆ ಹೋಗಿ ಬೇರೆಯವರ ಅಂಕ ಬರೆಯುತ್ತೇನೆ. ಅವನ ಮೇಲೆ ನನ್ನ ದೂರಿಲ್ಲ. ಅವನನ್ನು ಬೇಗ ನನ್ನ ಜೊತೆ ಕಳುಹಿಸಿಕೊಡಬೇಕು. ನಿನ್ನೆಯಿಂದ ಏನೂ ತಿಂದಿಲ್ಲವೆಂದು ಮುಖವೇ ಹೇಳುತ್ತಿದೆ.

ಬರೆದದ್ದನ್ನು ಓದಿ ಹೇಳಿಸಿ ಕೇಳಿದ್ದೇನೆ. ನಾನು ಹೇಳಿದ್ದೇ ಇದೆ, ಹೇಳಿದ್ದೆಲ್ಲ ನಿಜ.

ಸ್ಥಳ: ಶೆರಿಫ್ ಕಚೇರಿ, ಸೇಜ್ ಕ್ರೀಕ್
ದಿನಾಂಕ: 8-6-2015
ಸಹಿ: ಆರ್ಡಿಸ್ ಹಾಲ್ವರ್ಸನ್