ನನ್ನ ಫಿಟ್ಸೂ ಹಳೇಬೀಡಿನ ಬಸ್ಸೂ

...ಆ ಬಚ್ಚಲುಮನೆ ಚಿಲಕ ಕಿತ್ತಾಕಿದ್ದು ನಿಮ್ಮಪ್ಪಾನೇ ಕಣ್ರೋ ಮೊಮ್ಮಕ್ಳಾ, ನನ್ ದೆಸೆಯಿಂದ, ಒಳಗೆ ಬಿದ್ಗಿದ್ರೆ ಅಂತ. ಅರವತ್ತು ದಾಟಿದ್ಮೇಲೆ ಶುರುವಾಯ್ತು ನಂಗೆ ಈ ಫಿಟ್ಸು, ಮೂರ್ಛೆರೋಗ ಅಂತಾರಲ್ಲ, ಅದೇ. ಮೊದಲ್ನೇ ಸಲ ಬೇಲೂರಲ್ಲಿ, ನಿಮ್ ಚಿಕ್ಕಮ್ಮನ ಮಗೀನ ನಾಮಕರಣದಲ್ಲಿ, ಅಲ್ಲ ಅಲ್ಲ, ಸೀಮಂತದಲ್ಲಿ, ಎಲೆ ಮುಂದೆ ಕೂತೋಳು ಹಂಗೇ ಬಿದ್ದೆನಂತೆ. ಕಣ್ಬಿಟ್ರೆ ಕೈಯಲ್ಲಿ ಯಾರ್ದೋ ಬೀರು ಕೀ, ಮೂಗಿನತ್ರ ಯಾರ್ದೋ ಚಪ್ಪಲಿ! ಪಾಯಸದ ವಾಸನೆ ಬರ್ಬೇಕಾದ ಹೊತ್ತಲ್ಲಿ, ನೋಡಿ ನನ್ ಹಣೇಬರ.

ಅವತ್ತಿಂದ ಕಾವಲು. ಒಲೆ ಹತ್ರ ಹೋಗಂಗಿಲ್ಲ, ಮೆಟ್ಲು ಹತ್ತಂಗಿಲ್ಲ, ಮದುವೆಮನೆಗೆ ಬರಂಗಿಲ್ಲ. ಮೂವತ್ತು ವರ್ಷ ಅರಸೀಕೇರೇಲಿ ಕೊಬ್ಬರಿ ವ್ಯಾಪಾರ ಮಾಡಿದ ಹೆಂಗ್ಸು ನಾನು, ದಲ್ಲಾಳಿಗಳೇ ಹೆದ್ರೋರು! ಸ್ನಾನಕ್ಕೆ ಹೋದ್ರೆ ನಿಮ್ಮಮ್ಮ ಬಾಗ್ಲಲ್ಲಿ, "ಅತ್ತೇ, ಇದ್ದೀರಾ?" "ಇದ್ದೀನಿ ಕಣೇ." ಒಂದ್ ಚೊಂಬು ನೀರು ಹುಯ್ಕಳೋದ್ರಲ್ಲಿ ಮತ್ತೆ, "ಅತ್ತೇ, ಇದ್ದೀರಾ?" "ಇಲ್ಲ, ಗೆಂಡೆಹಳ್ಳಿ ಸಂತೆಗೆ ಹೋದೆ!" ಮೊದಮೊದ್ಲು ಹಿಂಗೇ ಕೀಟಲೆ ಮಾಡ್ತಿದ್ದೆ. ಆಮೇಲೆ ಅದೂ ನಿಂತೋಯ್ತು, ಗೊತ್ತಾ. ತಲೆ ಬಾಚ್ಕಳಕ್ಕೂ ಬ್ಯಾಸರ. ಗೋಡೆ ಕಡೆ ತಿರುಗಿ ಮಲ್ಗೋದು, ಯಾಕಾದ್ರೂ ಇದ್ದೀನೋ ಅನ್ಸೋದು.

ಆಸ್ಪತ್ರೇಲಿ ಡಾಕ್ಟ್ರಮ್ಮ ಕೇಳಿದ್ರು, "ಫಿಟ್ಸ್ ಬಂದಿತ್ತಾ?" ನಿಮ್ಮಪ್ಪ ಎದೆ ಉಬ್ಬಿಸ್ಕೊಂಡು, "ಆರು ತಿಂಗಳಿಂದ ಒಂದೂ ಇಲ್ಲ ಮೇಡಂ!" ಆಯಮ್ಮ ನನ್ ಮುಖ ನೋಡಿದ್ರು, ಅವನನ್ನ ಆಚೆ ಕಳಿಸಿದ್ರು. "ಅಜ್ಜಿ, ನೀವು ನಕ್ಕು ಎಷ್ಟು ದಿನ ಆಯ್ತು?" ಅಷ್ಟೇ ಕೇಳಿದ್ದು, ಅಳು ಕಿತ್ಕೊಂಡು ಬಂತು ನಂಗೆ. "ಈ ಬೇಜಾರೂ ಒಂದು ಕಾಯಿಲೆ ಅಜ್ಜಿ. ಫಿಟ್ಸ್ ಇರೋರಲ್ಲಿ ಬಹಳ ಜನಕ್ಕೆ ಬರುತ್ತೆ. ಇದಕ್ಕೂ ಔಷಧಿ ಇದೆ" ಅಂದ್ರು. ನಿಮ್ಮಪ್ಪನ್ನ ಕರೆದು, "ಓಡಾಡೋಕೆ ಬಿಡಿ ಇವರನ್ನ" ಅಂದ್ರು. ತಲೆ ಆಡಿಸ್ದ. ಮನೆಗೆ ಬಂದ್ಮೇಲೆ ಅದೇ ಕಾವಲು!

ಎರಡ್ ತಿಂಗ್ಳು ಮಾತ್ರೆ ನುಂಗಿದ್ಮೇಲೆ ಮನಸ್ಸು ಸ್ವಲ್ಪ ಎದ್ದು ಕೂತ್ಕತು. ಒಂದಿನ ನಿಮ್ಮಮ್ಮ ಅಂಗಡಿಗೆ ಹೋದದ್ದೇ ತಡ, 'ಬಸ್ತಿಹಳ್ಳಿ ಜಯಕ್ಕನ ಮನೆಗೆ ಹೋಗಿದೀನಿ' ಅಂತ ಚೀಟಿ ಬರ್ದಿಟ್ಟು ಹಳೇಬೀಡು ಬಸ್ ಹತ್ತೇಬಿಟ್ಟೆ! ಜಯಕ್ಕ ನನ್ ಹಳೇ ಗೆಳತಿ, ಹಳೇಬೀಡಿನ ಪಕ್ಕದಲ್ಲೇ ಅವಳೂರು. ಕಂಡಕ್ಟರ್‌ನ ಕರೆದು ಜೋರಾಗಿ ಹೇಳ್ದೆ, "ನೋಡಪ್ಪಾ, ನಂಗೆ ಫಿಟ್ಸ್ ಬತ್ತೈತೆ. ಬಿದ್ರೆ ಮಗ್ಗುಲಾಗಿ ಮಲಗ್ಸು, ಬಾಯಿಗೇನೂ ತುರುಕ್ಬೇಡ. ಚಪ್ಪಲಿ ಮೂಸಿಸ್ದೆ ಅಂದ್ರೆ, ಎದ್ಮೇಲೆ ಅದ್ರಲ್ಲೇ ಹೊಡೀತೀನಿ!" ಬಸ್ಸೆಲ್ಲಾ ಗೊಳ್ ಅಂತು.

ಜಾವಗಲ್ ದಾಟ್ತಿದ್ದಂಗೇ ಬಂದೇಬಿಡ್ತು ಹಾಳಾದ್ದು. ಎಚ್ಚರಾದಾಗ ಬಸ್ಸು ನಿಂತೈತೆ, ಸೀಟಿನ ಮೇಲೆ ಮಗ್ಗುಲಾಗಿ ಮಲಗಿದೀನಿ, ತಲೆ ಕೆಳಗೆ ಯಾರ್ದೋ ಶಾಲು. ಕಂಡಕ್ಟರ್ ಬಗ್ಗಿ ಅಂತಾನೆ, "ಅಜ್ಜಿ, ಎರಡು ನಿಮಿಷಾನೂ ಆಗಿಲ್ಲ. ಚಪ್ಪಲಿ ನಿಮ್ ಕಾಲಲ್ಲೇ ಐತೆ, ನೋಡ್ಕಳಿ!" ಹಿಂದಿನ ಸೀಟಿಂದ ಒಬ್ಳು ಹೆಂಗ್ಸು ಬಂದು ಕೈ ಹಿಡ್ಕಂಡು, ಪಿಸುಮಾತಲ್ಲಿ, "ನನ್ ಮಗ್ಳಿಗೂ ಐತೆ ಅಜ್ಜಿ. ಸ್ಕೂಲ್ ಬಿಡ್ಸಿ ಮನೇಲಿಟ್ಟಿದೀವಿ. ಯಾರಿಗೂ ಹೇಳಿಲ್ಲ." ನಾನಂದೆ, "ನಾಳೇನೇ ಸ್ಕೂಲಿಗೆ ಕಳಿಸು ತಾಯಿ. ಟೀಚರ್‌ಗೆ ಹೇಳು, ಬೆಂಚಲ್ಲಿ ಕೂರೋ ಗೆಳತೀರಿಗೂ ಹೇಳು."

ಮಧ್ಯಾಹ್ನ ನಿಮ್ಮಪ್ಪ ಬೈಕಲ್ಲಿ ಬಸ್ತಿಹಳ್ಳಿಗೆ ಓಡ್ಬಂದ. ಫಿಟ್ಸ್ ಬಂದಿದ್ದೂ ಹೇಳ್ದೆ, ಮುಚ್ಚಿಡ್ಲಿಲ್ಲ. ಬಯ್ಯೋಕೆ ಬಾಯಿ ತೆಗೆದೋನು, ನಾನು ಜಯಕ್ಕನ ಜೊತೆ ಎರಡ್ನೇ ಮುದ್ದೆ ಮುರೀತಿರೋದು ನೋಡಿ ಅಲ್ಲೇ ಕೂತು ಅತ್ತ ಕಣ್ರೋ, ಅಷ್ಟು ದೊಡ್ಡ ಗಂಡಸು. ಡಾಕ್ಟ್ರಮ್ಮ ಮಾತ್ರೆ ಬದಲಾಯಿಸಿದ್ರು, ನನ್ ಹಳೇಬೀಡು ಬಸ್ ಮಾತ್ರ ಬದಲಾಗ್ಲಿಲ್ಲ, ಈಗ್ಲೂ ಹತ್ತೀನಿ.

ಕಾಯಿಲೆಯೋರ್ನ ನೋಡ್ಕಳಿ, ಬ್ಯಾಡ ಅನ್ನಲ್ಲ, ಕೂಡಾಕ್ಬೇಡಿ, ಅಷ್ಟೇ. ಏಳ್ರೋ ತೊಡೆ ಮೇಲಿಂದ, ಕಾಲು ಜೋಮು ಹಿಡೀತು.