ಎರಡನೇ ಬೀಗದಕೈ

ನನ್ನ ಭಾವ ಆ ಗುರುವಾರ ತಮ್ಮ ವಕೀಲಿ ಆಫೀಸಿನಿಂದ ಹೊರಟಾಗ ರಾತ್ರಿ ಹತ್ತೂಮುಕ್ಕಾಲು. ಗಂಟೆ ನಾನು ಕಟ್ಟಿ ಹೇಳುತ್ತಿಲ್ಲ, ಅವರೇ ಹೇಳಿದ್ದು. ಬಟ್ಟೆ ಅಂಗಡಿಗಳ ಹಿಂದಿನ ಓಣಿ ಹಿಡಿದರೆ ಮನೆಗೆ ಏಳು ನಿಮಿಷದ ದಾರಿ. ಓಣಿಯ ನಡುವೆ ಒಂದು ಹಳೇ ಬಾವಿ... ಯಾರೂ ನೀರು ಸೇದದ್ದು, ಸೊಂಟದೆತ್ತರದ ಕಟ್ಟೆಯದು. ಅದರ ಹತ್ತಿರ ಬರುವಾಗ ಸದ್ದು ಕೇಳಿತು.

ಸರ್ರ್... ಸರ್ರ್... ಸರ್ರ್... ಉಫ್.

ಮೂರು ಸಲ ಉಜ್ಜುವುದು. ಒಂದು ಸಲ ಊದುವುದು. ಸ್ವಲ್ಪ ಹೊತ್ತು ಏನೂ ಇಲ್ಲ. ಮತ್ತೆ ಅದೇ.

ಭಾವ ನಿಂತುಬಿಟ್ಟರು. ಆ ಸದ್ದಿನ ಗುರುತು ಅವರಿಗಿತ್ತು. ಹಿತ್ತಾಳೆಯ ಮೇಲೆ ಅರ ಆಡುವ ಸದ್ದು. ಹಾಗೆ ಮೂರು ಉಜ್ಜಿ ಒಂದು ಊದುವ ಮನುಷ್ಯ ಊರಿಗೆಲ್ಲ ಒಬ್ಬನೇ ಇದ್ದ. ಅವನು ಸತ್ತು ಒಂದೂವರೆ ವರ್ಷವಾಗಿತ್ತು.

ಇಲ್ಲಿ ಒಂದು ನಿಮಿಷ ತಡೆಯಿರಿ. ಇದನ್ನು ಹೇಳುತ್ತಿರುವವನು ಯಾರು ಅಂತ ತಿಳಿದಿರಲಿ, ಇಲ್ಲದಿದ್ದರೆ ಯಾರೋ ಬೀಡಿ ಸೇದುತ್ತ ಹೊಸೆದದ್ದು ಅಂದುಕೊಳ್ಳುತ್ತೀರಿ. ನಾನು ರಸಾಯನಶಾಸ್ತ್ರದಲ್ಲಿ ಬಿ.ಎಸ್ಸಿ. ಮೂವತ್ತನಾಲ್ಕು ವರ್ಷ ಕೋರ್ಟಿನ ಮುದ್ದೆಮಾಲು ಕೋಣೆ ನೋಡಿಕೊಂಡವನು. ಅಂದರೆ ಕೇಸಿಗೆ ಸೇರಿದ ಚಾಕು, ಚಪ್ಪಲಿ, ರಕ್ತ ಒಣಗಿದ ಅಂಗಿ, ಎಲ್ಲಕ್ಕೂ ಚೀಟಿ ಅಂಟಿಸಿ, ಮೊಹರು ಹಾಕಿ, ಕೇಳಿದಾಗ ತಂದಿಡುವ ಕೆಲಸ. ಸತ್ತವರ ಸಾಮಾನಿನ ಜೊತೆ ಬುತ್ತಿ ಬಿಚ್ಚಿ ಊಟ ಮಾಡಿದವನಿಗೆ ದೆವ್ವದ ಮಾತು ಹೇಳಿದರೆ ನಗು ಬರುತ್ತದೆ. ನನಗೂ ಬರುತ್ತಿತ್ತು. ಈಗ ನಿವೃತ್ತನಾಗಿದ್ದೇನೆ, ಮಾತಾಡಬೇಡ ಅನ್ನುವ ಮೇಲಧಿಕಾರಿ ಇಲ್ಲ. ಅದಕ್ಕೇ ಸ್ವಲ್ಪ ಸುತ್ತಿ ಬಳಸಿ ಹೇಳುತ್ತೇನೆ, ಆದರೆ ಒಂದಕ್ಷರ ಸೇರಿಸುವುದಿಲ್ಲ.

ವಿಷಯ ಇಷ್ಟು. ಅವನು ಸಾಯುವುದಕ್ಕೆ ಎರಡು ವರ್ಷ ಹಿಂದೆ ಬಟ್ಟೆ ಅಂಗಡಿಯ ಮುದುಕ ಯಜಮಾನರನ್ನು ಯಾರೋ ರಾತ್ರಿ ಕೊಂದಿದ್ದರು. ಅವರು ಅಂಗಡಿಯ ಮೇಲಿನ ಕೋಣೆಯಲ್ಲೇ ಮಲಗುವವರು. ಮುಂಬಾಗಿಲಿಗೆ ಗುಮಾಸ್ತ ಹೊರಗಿನಿಂದ ಹಿತ್ತಾಳೆ ಬೀಗ ಜಡಿದು, ಬೀಗದಕೈ ಮನೆಗೊಯ್ದು, ಬೆಳಿಗ್ಗೆ ಬಂದು ತೆಗೆಯುವ ಪದ್ಧತಿ. ಆ ಬೆಳಿಗ್ಗೆ ಬೀಗ ಹಾಕಿದ್ದು ಹಾಕಿದ ಹಾಗೇ ಇತ್ತು. ಹಿಂಬಾಗಿಲಿನ ಅಗುಳಿ ಒಳಗಿನಿಂದ ಭದ್ರ. ಯಜಮಾನರು ಮಾತ್ರ ಮೆಟ್ಟಿಲ ಬುಡದಲ್ಲಿ ಸತ್ತು ಬಿದ್ದಿದ್ದರು.

ಪೊಲೀಸರು ಮೊದಲು ಹಿಡಿದದ್ದು ಬೀಗ ರಿಪೇರಿಯವನನ್ನು. ಹಿಂದಿನ ತಿಂಗಳು ಆ ಬೀಗ ಅವನ ಕೈಗೆ ಹೋಗಿತ್ತು. ಅವನ ಪರ ನಿಂತವರು ನಮ್ಮ ಭಾವ. ಜಾಮೀನಿನ ಮೇಲೆ ಇದ್ದಾಗ ಅವನು ಆಫೀಸಿನ ಮುಂದಿನ ಬೆಂಚಿನಲ್ಲಿ ಕೂತು, ಸುಮ್ಮನಿರಲಾರದೆ, ಯಾರದೋ ಬೀಗದಕೈ ಉಜ್ಜುತ್ತಿದ್ದ. ಸರ್ರ್ ಸರ್ರ್ ಸರ್ರ್ ಉಫ್. ಉದುರಿದ ಪುಡಿ ಆಗಷ್ಟೇ ಮುಟ್ಟಿದರೆ ಬೆಚ್ಚಗಿರುತ್ತಿತ್ತು ಅಂತ ಭಾವ ಹೇಳುತ್ತಿದ್ದರು.

ಒಂದು ಸಂಜೆ ಅವನು ಒಳಗೆ ಬಂದು ಹೇಳಿಬಿಟ್ಟ. ನಾನೇ ಮಾಡಿದ್ದು ಸಾರ್, ಇನ್ನೊಂದು ಬೀಗದಕೈ ಮಾಡಿಟ್ಟುಕೊಂಡಿದ್ದೆ ಅಂತ.

ಕಕ್ಷಿದಾರ ಹೇಳಿದ ಗುಟ್ಟನ್ನು ವಕೀಲ ಹೊರಗೆ ಬಿಡುವಂತಿಲ್ಲ. ಕಕ್ಷಿದಾರನೇ ಒಪ್ಪಬೇಕು. ಅವನು ಸತ್ತರೂ ಬಾಯಿ ಬಿಡುವಂತಿಲ್ಲ. ಸರಿ. ಆದರೆ ಭಾವ ಕೋರ್ಟಿನಲ್ಲಿ ಏನು ವಾದ ಮಾಡಿದರು ಗೊತ್ತೇ? "ಎರಡನೇ ಬೀಗದಕೈ ಅನ್ನುವುದು ಇರಲೇ ಇಲ್ಲ, ಪೊಲೀಸರು ಕಟ್ಟಿದ ಕತೆ" ಅಂದರು. ನಾನೇ ಅಲ್ಲಿದ್ದೆ. ಮಾತು ಗಂಟೆ ಹೊಡೆದ ಹಾಗೆ ಕೇಳಿಸಿತು. ಬೀಗದವನು ಬಿಡುಗಡೆಯಾದ. ಐದು ತಿಂಗಳಿಗೆ ಜ್ವರ ಬಂದು ತೀರಿಕೊಂಡ, ಹಿಂದಿಲ್ಲ ಮುಂದಿಲ್ಲ.

ಎರಡನೇ ಬೀಗದಕೈ ಇಲ್ಲ ಅಂದಮೇಲೆ ಉಳಿದದ್ದು ಒಂದೇ. ಅದು ಇದ್ದದ್ದು ಗುಮಾಸ್ತನ ಹತ್ತಿರ. ಪೊಲೀಸರು ಅವನನ್ನು ಎತ್ತಿಕೊಂಡು ಹೋದರು. ಸರ್ಕಾರಿ ವಕೀಲರು ನಮ್ಮ ಭಾವನ ಮಾತನ್ನೇ ಅಕ್ಷರ ಬಿಡದೆ ಓದಿದರು. ಆ ಗುರುವಾರದ ಮುಂದಿನ ಸೋಮವಾರ ಕೊನೆಯ ವಾದ. ಶಿಕ್ಷೆ ಖಂಡಿತ ಅಂತ ಕೋರ್ಟಿನ ಗೋಡೆಗೂ ಗೊತ್ತಿತ್ತು. ಗುಮಾಸ್ತನ ಹೆಂಡತಿ ಪ್ರತಿ ತಾರೀಕಿಗೂ ಒಂದು ಬಟ್ಟೆಚೀಲದಲ್ಲಿ ಗಂಡನ ಇಸ್ತ್ರಿ ಮಾಡಿದ ಅಂಗಿ ತಂದು ಬಾಗಿಲ ಬಳಿ ಕೂರುತ್ತಿದ್ದಳು. ಅಕಸ್ಮಾತ್ ಬಿಟ್ಟರೆ ಹಾಕಿಕೊಂಡು ಬರಲಿ ಅಂತ. ಭಾವ ಆ ಬಾಗಿಲು ಬಿಟ್ಟು ಸುತ್ತಿ ಹೋಗುತ್ತಿದ್ದರು. ನಾನು ನೋಡಿದ್ದೇನೆ.

ನಮ್ಮ ಅಕ್ಕನಿಗೆ ಯಾರೂ ಏನೂ ಹೇಳಿರಲಿಲ್ಲ. ಆದರೆ ಅಕ್ಕ ಗಂಡನ ಊಟ ನೋಡಿಯೇ ಕೇಸು ಓದುವವಳು.

"ಅವನೇ ಮಾಡಿದ್ದು ಅಂತ ನಿಮಗೆ ಗೊತ್ತಿತ್ತು ಅಲ್ವಾ?"

"ಡಾಕ್ಟರು ಕಳ್ಳನ ಜ್ವರಕ್ಕೆ ಔಷಧಿ ಕೊಡಲ್ವೇನೇ?"

"ಕೊಡ್ತಾರೆ. ಆ ಜ್ವರ ತೆಗೆದು ಪಕ್ಕದ ಮಂಚದವನಿಗೆ ಅಂಟಿಸಲ್ಲ."

ಭಾವ ಅನ್ನ ಬಿಟ್ಟು ಕೈತೊಳೆದರಂತೆ. ಅದಾದ ಮಾರನೇ ರಾತ್ರಿಯೇ ಈ ಬಾವಿಯದು.

ಈಗ ಬಾವಿಗೆ ಬನ್ನಿ.

ಭಾವ ಟಾರ್ಚು ಹಾಕಿದರು. ಕಟ್ಟೆಯ ಮೇಲೆ ಒಬ್ಬ ಕೂತಿದ್ದ. ಬೆನ್ನು ಮಾತ್ರ ಕಾಣುತ್ತಿತ್ತು. ಭಾವನಿಗೆ ಭಯ ಆಮೇಲೆ ಬಂತು, ಮೊದಲು ಬಂದದ್ದು ಸಂಶಯ. ಗುಮಾಸ್ತನ ಕಡೆಯವರು ಯಾರೋ ವೇಷ ಹಾಕಿಸಿ ತನ್ನ ಬಾಯಿ ಬಿಡಿಸಲು ಕೂರಿಸಿದ್ದಾರೆ ಅಂತ. ಅಲ್ಲೇ ನಿಂತು, ಆ ಬೆನ್ನಿಗೇ ಪಾಟೀಸವಾಲು ಶುರು ಮಾಡಿದರು. ಕೋರ್ಟಿನ ದನಿಯಲ್ಲಲ್ಲ... ಪಿಸುದನಿಯಲ್ಲಿ.

"ಯಾರದು?"

"ನಿಮ್ಮ ಕಕ್ಷಿ."

"ನನಗೆ ನೂರು ಕಕ್ಷಿ. ಯಾವನು?"

"ಕೇಳಿದ್ದಕ್ಕೆ ಹೌದು, ಅಲ್ಲ, ಅಷ್ಟೇ ಅನ್ನು. ಜಾಸ್ತಿ ಬಾಯಿ ಬಿಡಬೇಡ ಅಂತ ನೀವು ಹೇಳಿಕೊಟ್ಟಿದ್ರಲ್ಲ ಸಾರ್... ಅವನು."

"ಅವನು ಸತ್ತಿದ್ದಾನೆ."

"ಹೌದು."

"ಗುಮಾಸ್ತನ ಮನೆಯವರು ಕಳಿಸಿದ್ರಾ?"

"ಅಲ್ಲ."

ಸರ್ರ್... ಸರ್ರ್... ಸರ್ರ್... ಉಫ್.

ಭಾವ ಅಲ್ಲೊಂದು ಪ್ರಶ್ನೆಯ ಗುಂಡಿ ತೋಡಿದರು. ಎಂಥೆಂಥ ಸಾಕ್ಷಿಗಳನ್ನು ಅದರಲ್ಲಿ ಬೀಳಿಸಿದವರು.

"ಆ ಸಂಜೆ ನೀನು ಆ ಮಾತು ಹೇಳಿದಾಗ ನಾನು ಏನಂದೆ?"

ಬೆನ್ನು ಅಲುಗಾಡಲಿಲ್ಲ.

"ಏನೂ ಅನ್ನಲಿಲ್ಲ ಸಾರ್... ಎದ್ದು ಹೋಗಿ ಕಿಟಕಿ ಮುಚ್ಚಿದ್ರಿ."

ಅದು ನಿಜ. ಕಿಟಕಿ ಮುಚ್ಚಿದ್ದು ಭಾವನಿಗೆ ಮತ್ತು ಅವನಿಗೆ ಬಿಟ್ಟು ಮೂರನೆಯವರಿಗೆ ಗೊತ್ತಿರಲಿಲ್ಲ. ಆದರೂ ಸಂಶಯ ಹೋಗಲಿಲ್ಲ, ಬೇರೆಯವರ ಮೇಲಿಂದ ಇಳಿದು ಅವರ ಮೇಲೇ ಹತ್ತಿತು. ನನಗೆ ಬೇಕಾದ ಸಾಕ್ಷಿ ಬೇಕಾದ ಹೊತ್ತಿಗೆ ಬಂದು ಕೂತಿದೆಯಲ್ಲ, ಇದು ನನ್ನ ತಲೆಯೇ ಹುಟ್ಟಿಸಿದ್ದಿರಬಹುದು ಅಂತ. ನನಗೆ ಹೇಳಿದ್ದು ಹಾಗೇ: "ಅಂಥ ಸಾಕ್ಷಿಯನ್ನ ನಾನೇ ಎಷ್ಟು ಸಲ ಹರಿದು ಹಾಕಿದ್ದೀನಿ ಕಣಯ್ಯಾ."

"ಯಾಕೆ ಬಂದೆ?"

"ಹೇಳಿಬಿಡಿ ಸಾರ್. ನನ್ನ ಒಪ್ಪಿಗೆ ಇದೆ."

"ಬಾಯಿಮಾತು. ಯಾರು ನಂಬ್ತಾರೆ? ಬೀಗದಕೈ ಎಲ್ಲಿ?"

"ನೀವೇ ಇಲ್ಲ ಅಂದ್ರಲ್ಲ."

ಭಾವ ಒಂದು ಹೆಜ್ಜೆ ಮುಂದೆ ಇಟ್ಟರು.

"ಪೊಲೀಸರು ತೋರಿಸಿಲ್ಲ ಅಂದಿದ್ರೆ ಸಾಕಿತ್ತು ಸಾರ್. ನನ್ನನ್ನ ಬಿಡಿಸೋಕೆ ಅಷ್ಟೇ ಸಾಕಿತ್ತು... ಇಲ್ಲವೇ ಇಲ್ಲ ಅಂದ್ರಿ."

"ಎಲ್ಲಿ ಅದು?"

ಆ ಬೆನ್ನು ನಿಧಾನವಾಗಿ ಬಗ್ಗಿ ಬಾವಿಯೊಳಗೆ ಇಣುಕಿತು. ಟಾರ್ಚು ಆರಿತು. ಮತ್ತೆ ಹತ್ತಿದಾಗ ಕಟ್ಟೆ ಖಾಲಿ. ನೀರಿನ ಸದ್ದು ಬರಲಿಲ್ಲ. ಅದನ್ನು ಭಾವ ಒತ್ತಿ ಹೇಳುತ್ತಿದ್ದರು. ಬಿದ್ದ ಸದ್ದು ಬರಲಿಲ್ಲ.

ಶುಕ್ರವಾರ ಕೋರ್ಟು ತೆರೆಯುವ ಹೊತ್ತಿಗೆ ಭಾವ ಗುಮಾಸ್ತನ ವಕೀಲರ ಮುಂದೆ ನಿಂತಿದ್ದರು. ಆಕೆ ಇನ್ನೂ ಚಿಕ್ಕ ವಯಸ್ಸಿನವರು, ಚುರುಕು.

"ಓಣಿಯ ಬಾವಿ ಹೂಳು ತೆಗೆಸೋಕೆ ಅರ್ಜಿ ಹಾಕಮ್ಮ."

"ಯಾಕೆ ಸಾರ್?"

"ನನ್ನನ್ನ ಕೇಳಬೇಡ. ಕೇಳಬೇಕಾದವರು ಕೇಳಿದ್ರೆ ಹೇಳ್ತೀನಿ."

ಆಕೆಗೂ ಸಂಶಯ ಬಂತು. ಎದುರು ಪಕ್ಷದ ಬುದ್ಧಿ ಇರಬಹುದೇ ಅಂತ ನನ್ನ ಕೋಣೆಗೆ ಬಂದು ಕೇಳಿದರು. "ನಿಮ್ಮ ಭಾವ ನನ್ನ ಕಾಲಿಗೆ ಏನಾದರೂ ಬಲೆ ಹಾಕ್ತಿದ್ದಾರಾ?" ಅಂತ. "ನಮ್ಮ ಭಾವ ಬಲೆ ಹಾಕಿದ್ದರೆ ನಿಮಗೆ ಕೇಳೋಕೂ ಗೊತ್ತಾಗ್ತಿರಲಿಲ್ಲ" ಅಂದೆ. ಆಕೆ ನಕ್ಕು ಅರ್ಜಿ ಹಾಕಿದರು.

ಶನಿವಾರ ಪೊಲೀಸರ ಮುಂದೆಯೇ ಬಾವಿಯ ಹೂಳು ತೋಡಿದರು. ಮುರಿದ ಕೊಡ, ಒಂದು ಚಪ್ಪಲಿ, ಬಕೆಟ್ಟುಗಟ್ಟಲೆ ಕಪ್ಪು ಕೆಸರು. ಸಂಜೆಯ ಕೊನೆಯ ಬಕೆಟ್ಟಿನಲ್ಲಿ ಒಂದು ಹಿತ್ತಾಳೆ ಬೀಗದಕೈ. ಪಾಚಿಯ ಹಾಗೆ ಹಸಿರು ಕಿಲುಬು ಹಿಡಿದಿತ್ತು. ಚೀಟಿ ಅಂಟಿಸಿ ಮೊಹರು ಹಾಕಿದವನು ನಾನು. ಅದರ ಮೇಲೆ ಹೊಳೆಯುವ ಒಂದು ಚುಕ್ಕೆಯೂ ಇರಲಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ.

ಸೋಮವಾರ ನ್ಯಾಯಾಧೀಶರು ಆಕೆಯನ್ನು ಕೇಳಿದರು, ಬಾವಿಯ ವಿಷಯ ಹೇಗೆ ತಿಳಿಯಿತು ಅಂತ. ಹಿಂದಿನ ಸಾಲಿನಿಂದ ಭಾವ ತಾವೇ ಎದ್ದರು.

"ನಾನು ಹೇಳಿದ್ದು. ನನ್ನ ಕಕ್ಷಿದಾರನಿಂದ ತಿಳಿದದ್ದು. ಎರಡನೇ ಬೀಗದಕೈ ಇಲ್ಲ ಅಂತ ಇದೇ ಕೋರ್ಟಿನಲ್ಲಿ ನಾನು ಆಡಿದ ಮಾತು ಸುಳ್ಳು. ಆಡುವಾಗಲೇ ನನಗೆ ಗೊತ್ತಿತ್ತು."

ಮೂವತ್ತು ವರ್ಷದ ವಕೀಲಿಕೆಯನ್ನು ಮನುಷ್ಯ ಒಂದು ಉಸಿರಿನಲ್ಲಿ ಮೇಜಿನ ಮೇಲೆ ಇಟ್ಟುಬಿಟ್ಟಿದ್ದರು.

"ಗುಟ್ಟು ಹೇಳೋಕೆ ಕಕ್ಷಿದಾರನ ಒಪ್ಪಿಗೆ ಇದೆಯೇ?"

"ಇದೆ."

"ಯಾವಾಗ ಕೊಟ್ಟ?"

"ಗುರುವಾರ."

ನ್ಯಾಯಾಧೀಶರು ಬರೆದುಕೊಂಡರು. ಅವರು ಆ ಕೋರ್ಟಿಗೆ ಹೊಸಬರು. ಆ ಕಕ್ಷಿ ಸತ್ತದ್ದು ಗೊತ್ತಿದ್ದ ಹಳಬ ನಾನು, ಮೇಜಿನ ಮೇಲಿನ ಚೀಟಿ ನೋಡುತ್ತ ನಿಂತೆ.

ಬೀಗ ತರಲು ಹೇಳಿದರು. ಮೂರೂವರೆ ವರ್ಷದಿಂದ ಹಾಗೇ ಇದ್ದ ಮೊಹರನ್ನು ಎಲ್ಲರೆದುರು ಒಡೆದೆ. ಬೀಗದಕೈ ಹಾಕಿದೆ. ಅರ್ಧ ಹೋಯಿತು, ನಿಂತಿತು. ತಿರುಗಿಸಿದೆ... ಊಹೂಂ.

"ಯಾರದೋ ಪೆಟ್ಟಿಗೆದು ಇರಬೇಕು" ಅಂದರು ಸರ್ಕಾರಿ ವಕೀಲರು. ಒಂದಿಬ್ಬರು ನಕ್ಕರು. ಬಾಗಿಲ ಬಳಿ ಗುಮಾಸ್ತನ ಹೆಂಡತಿ ಬಟ್ಟೆಚೀಲದ ಬಾಯಿ ಬಿಗಿಯಾಗಿ ಹಿಡಿದಿದ್ದಳು.

"ಇನ್ನೊಮ್ಮೆ ನೋಡಿ" ಅಂದರು ನ್ಯಾಯಾಧೀಶರು.

ಆಗ ಕೇಳಿತು. ಹಗಲು ಹನ್ನೊಂದೂವರೆ ಗಂಟೆಗೆ, ನಲವತ್ತು ಜನರ ನಡುವೆ.

ಸರ್ರ್... ಸರ್ರ್... ಸರ್ರ್...

ಬೇರೆಯವರು ಮೇಲೆ ನೋಡಿದರು, ಫ್ಯಾನು ಅಂದುಕೊಂಡು. ನಾನು ನೋಡಲಿಲ್ಲ. ನನ್ನ ಬೆರಳುಗಳ ನಡುವೆ ಆ ಬೀಗದಕೈ ಸಣ್ಣಗೆ ನಡುಗುತ್ತಿತ್ತು.

ಉಫ್.

ನನ್ನ ಮಣಿಕಟ್ಟಿಗೆ ಗಾಳಿ ತಗುಲಿತು. ಬೀಗದಕೈ ಪೂರ್ತಿ ಒಳಗೆ ಹೋಯಿತು. ಟಕ್.

ಗುಮಾಸ್ತ ಆ ವಾರವೇ ಹೊರಗೆ ಬಂದ, ಇಸ್ತ್ರಿ ಅಂಗಿ ಹಾಕಿಕೊಂಡು. ಕೋರ್ಟಿಗೆ ಸುಳ್ಳು ಹೇಳಿದ್ದಕ್ಕೆ ಭಾವನ ವಕೀಲಿ ಸನ್ನದನ್ನು ಒಂದು ವರ್ಷ ಅಮಾನತ್ತಿನಲ್ಲಿಟ್ಟರು. ವರ್ಷ ಕಳೆದ ಮೇಲೆ ಅವರು ಮತ್ತೆ ಕಳ್ಳರ ಪರ, ಕೊಲೆಗಾರರ ಪರ ನಿಂತರು. ಯಾರಾದರೂ ನಿಲ್ಲಲೇಬೇಕಲ್ಲ, ಅನ್ನುತ್ತಿದ್ದರು. "ಅವರು ತೋರಿಸಿಲ್ಲ" ಅನ್ನುವಲ್ಲಿಗೆ ಮಾತ್ರ ವಾದ ನಿಲ್ಲಿಸುತ್ತಿದ್ದರು. ಅದರಾಚೆ ಒಂದು ಮಾತು ಆಡಿದ್ದನ್ನು ನಾನು ಕೇಳಲಿಲ್ಲ.

ಅಕ್ಕನ ಸಂಶಯ ಮಾತ್ರ ಇನ್ನೂ ಹೋಗಿಲ್ಲ. "ಅದು ಬಾಗಿಲು ತೆಗೆದಿದ್ದ ಬೀಗದಕೈಯೇ ಏನೋ? ಇಲ್ಲಾ ಬೇರೆ ಯಾವುದನ್ನೋ ಅವನು ಕೋರ್ಟಿನಲ್ಲೇ ಉಜ್ಜಿ ಕೂಡಿಸಿದ್ದೋ? ನಿಮ್ಮ ಭಾವ ಕೊನೆಗೂ ಸುಳ್ಳು ಸಾಕ್ಷಿಯನ್ನೇ ತಂದ್ರೋ ಏನೋ" ಅನ್ನುತ್ತಾಳೆ. ನಾನು ಆ ತಂಟೆಗೆ ಹೋಗುವುದಿಲ್ಲ. ನಾನು ಕಂಡದ್ದನ್ನಷ್ಟೇ ಹೇಳಬಲ್ಲೆ.

ಕೋರ್ಟು ಎದ್ದ ಮೇಲೆ ಮೇಜು ಒರೆಸಲು ಹೋದೆ. ಕಿಲುಬು ಹಿಡಿದ ಆ ಬೀಗದಕೈಯ ಕೆಳಗೆ ಒಂದು ಚಿಟಿಕೆ ಪುಡಿ ಬಿದ್ದಿತ್ತು. ಹಳದಿ, ಹೊಚ್ಚಹೊಸ ಹಿತ್ತಾಳೆ. ಈ ಬೆರಳಿನಿಂದ ಒತ್ತಿ ತೆಗೆದೆ, ಬಲಗೈಯ ತೋರುಬೆರಳು. ರಸಾಯನಶಾಸ್ತ್ರ ಓದಿದವನು, ಆಣೆ ಮಾಡುವ ಅಭ್ಯಾಸ ನನಗಿಲ್ಲ. ನಡೆದದ್ದು ನಡೆದ ಹಾಗೆ ಹೇಳುತ್ತಿದ್ದೇನೆ.

ಪುಡಿ ಇನ್ನೂ ಬೆಚ್ಚಗಿತ್ತು.