ಎಡಗಡೆಯ ಸ್ವಿಚ್ಚು

ಶಾಂತಿಗ್ರಾಮದಲ್ಲಿ ಹಾಸನದ ಬಸ್ಸಿಗೆ ಕಾಯುತ್ತಿದ್ದ ಯಮುನಾಳ ಪಕ್ಕದಲ್ಲೇ, ನೀರು ಕುದಿದ ಹಳೇ ಅಂಬಾಸಿಡರ್ ಒಂದು ಬಾನೆಟ್ ತೆರೆದುಕೊಂಡು ನಿಂತಿತ್ತು. ಎಲೆಕ್ಟ್ರಿಷಿಯನ್ ಒಳಗೆ ಬಗ್ಗಿದ್ದ. ಕಾರಿನ ಯಜಮಾನರು ಮರದ ನೆರಳಲ್ಲಿದ್ದರು.

"ಬ್ಯಾರೆ ಎಂಜಿನ್ ಕೂರ್ಸಿದೀರಿ. ರೇಡಿಯೇಟರ್ ಫ್ಯಾನಿಗೆ ಮಾತ್ರ ಕೈಯಲ್ಲಿ ಹಾಕೋ ಸ್ವಿಚ್ಚಾ ಗೌಡ್ರೇ?"

"ಊಂ."

"ಅದೂ ಎಡಗಡೆ ಸೀಟಿನ ಮುಂದೆ. ಓಡ್ಸೋರ ಕೈಗೇ ಎಟುಕಲ್ವಲ್ಲ."

"ಅಲ್ಲಿ ನನ್ನ ತಮ್ಮ ಕೂತ್ಕತಿದ್ದ. ಎಂಜಿನ್ ಕೂರ್ಸಿದ್ದೂ ನಾವಿಬ್ರೇಯ. ಬಿಸಿ ತೋರ್ಸೋ ಮುಳ್ಳು ಮ್ಯಾಕ್ಕೆ ಬಂದ್ರೆ ಫ್ಯಾನ್ ಹಾಕೋದು ಅವ್ನ ಕೆಲ್ಸ. ನಾನು ರಸ್ತೆ ನೋಡ್ಕಂಡು ಓಡುಸ್ತಿದ್ದೆ, ಅಷ್ಟೇ."

"ಇವತ್ತು ಬರ್ನಿಲ್ವಾ ಅವ್ರು?"

"ಪಾಲಾದ್ಮೇಲೆ ಮಾತಿಲ್ಲ. ಪಕ್ಕದ ಮನೇಲೇ ಅವ್ನೆ."

ಎಲೆಕ್ಟ್ರಿಷಿಯನ್ ವೈರಿಗೆ ಟೇಪು ಸುತ್ತಿ ಮುಗಿಸಿದ.

"ನೀರು ಕಾದ್ರೆ ಫ್ಯಾನು ತಾನೇ ತಿರುಗಂಗೆ ಸೆನ್ಸರ್ ಹಾಕಿವ್ನಿ. ಇನ್ಮ್ಯಾಲೆ ಯಾರೂ ಕೂತು ನೋಡ್ಕಬೇಕಾಗಿಲ್ಲ. ಆ ಸ್ವಿಚ್ಚು ಬಿಚ್ಬುಡ್ಲಾ?"

"ಬ್ಯಾಡ."

"ಸುಮ್ನೆ ಯಾಕೆ ಗೌಡ್ರೇ?"

"ಅದ್ರಲ್ಲೂ ಫ್ಯಾನ್ ತಿರುಗಂಗೆ ಇರ್ಲಿ ಕಣಪ್ಪ."

ಅವನು ಮತ್ತೊಂದು ವೈರು ಎಳೆದು ಜೋಡಿಸಿದ. ಗೌಡರು ಬಂದು ಎಡಗಡೆಯ ಸ್ವಿಚ್ಚನ್ನು ತಾವೇ ಒತ್ತಿ ನೋಡಿದರು. ಫ್ಯಾನು ತಿರುಗಿತು. ಆರಿಸಿದರು.

"ಹಾಸನದ ತಂಕ ನಾನೂ ಬತ್ತೀನಿ, ತಡೀರಿ," ಎಂದು ಬಾನೆಟ್ ಮುಚ್ಚಿದವನು ಮುಂದಿನ ಎಡಬಾಗಿಲಿಗೆ ಕೈ ಹಾಕಿದ.

"ಹಿಂದೆ ಕೂತ್ಕಳಪ್ಪ," ಎಂದರು ಗೌಡರು.

ಮುಂದೆ ಒಬ್ಬರು, ಹಿಂದೆ ಒಬ್ಬ. ಯಮುನಾ ನೋಡುತ್ತಿದ್ದಂತೆ ಕಾರು ಹಾಸನದ ಕಡೆ ಹೊರಟಿತು.